ದುರ್ಗದ ಸೀಮೆಯಲ್ಲಿ ಒಂದು ದಿನದ ಪಾಠ

ಪ್ರವಾಸವೂ ಒಂದು ಪಾಠವೆಂಬುದನ್ನು ನಮ್ಮ ಬಾಲಿಕೆಯರ ತಾಯಿತಂದೆಗಳಲ್ಲಿ ಹಲವರು ಇನ್ನೂ ಮನಸಾರೆ ಒಪ್ಪಿದವರಲ್ಲ. "ಗಂಡುಮಕ್ಕಳಾದರೆ ಹೋಗಿಬರಲಿ, ಹೆಣ್ಣುಮಕ್ಕಳನ್ನು ಬೆಳಗಿನಿಂದ ಬೈಗಿನವರೆಗೆ ಊರೂರು ತಿರುಗಿಸುವುದೇತಕ್ಕೆ? ಆ ಒಂದು ದಿನ ಓದಿಕೊಂಡರೆ ಪರೀಕ್ಷೆಗಾದರೂ ಬಂದೀತು" ಎಂದು ಪ್ರತಿವರ್ಷವೂ ಯಾರಾದರೊಬ್ಬರು ನಮ್ಮನ್ನು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಹಣವೂ ವೇಳೆಯೂ ವೆಚ್ಚವಾಗುವ ಕಾರ್ಯದಿಂದ ಏನು ಪ್ರಯೋಜನವೆಂಬುದನ್ನು ತೋರಿಸಿಕೊಡಬೇಕಾದುದು ಉಪಾಧ್ಯಾಯಿನಿಯರಾದ ನಮ್ಮ ಕರ್ತವ್ಯವೇ ಸರಿ. ಸಿದ್ಧತೆಯಿಲ್ಲದೆ ಹೊರಟು, ಬುತ್ತಿ ಬಿಚ್ಚಿ ಉಂಡು, ನಾಲ್ಕು ಭಾವಚಿತ್ರಗಳನ್ನು ತೆಗೆಸಿಕೊಂಡು ಹಿಂದಿರುಗುವ ಪ್ರವಾಸಕ್ಕೆ ಆ ಹಿರಿಯರ ಆಕ್ಷೇಪವು ಸಲ್ಲುತ್ತದೆ. ಆದುದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳನ್ನು ಒಂದೇ ದಿನದಲ್ಲಿ ಸುತ್ತಿಬರುವ ದಾರಿಯನ್ನು ಇಲ್ಲಿ ಪಾಠಕ್ರಮವಾಗಿ ಬರೆದಿರುತ್ತೇವೆ. ನಮ್ಮ ಶಾಲೆಯ ಬಾಲಿಕೆಯರಿಗೂ, ಇದನ್ನು ಓದುವ ಇತರ ಶಾಲೆಗಳ ಸಹೋದರಿಯರಿಗೂ ಇದು ಉಪಯೋಗವಾದರೆ ನಮಗೆ ಸಂತೋಷವು.

೧. ಹೊರಡುವ ಮುನ್ನ

ಪ್ರವಾಸಕ್ಕೆ ಬುತ್ತಿಯು ಎಷ್ಟು ಅವಶ್ಯವೋ ಒಂದು ಪ್ರಶ್ನೆಯೂ ಅಷ್ಟೇ ಅವಶ್ಯ. ನೂರು ವಸ್ತುಗಳನ್ನು ನೋಡಿ ನೂರನ್ನೂ ಮರೆಯುವುದಕ್ಕಿಂತ, ಒಂದು ಪ್ರಶ್ನೆಯನ್ನು ಹಿಡಿದು ಹತ್ತು ವಸ್ತುಗಳನ್ನು ನೋಡುವುದು ಮೇಲು. ಈ ದಾರಿಗೆ ನಾವು ಆರಿಸಿಕೊಂಡಿರುವ ಪ್ರಶ್ನೆಯು ಇದು: ಈ ಬಯಲುಸೀಮೆಯ ಜನರು ನೀರನ್ನು ಎಲ್ಲಿಂದ ಪಡೆದರು, ಹೇಗೆ ಕಾಪಾಡಿಕೊಂಡರು, ಅದನ್ನು ಹೊತ್ತವರು ಯಾರು?

ಈ ಪ್ರಶ್ನೆಯನ್ನೇ ಆರಿಸಿದುದಕ್ಕೆ ಕಾರಣವುಂಟು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ವಾರ್ಷಿಕ ಸರಾಸರಿಯಾದರೋ ಆರುನೂರು ಮಿಲಿಮೀಟರಿನ ಆಸುಪಾಸಿನದು. ಪಡುವಣ ಭಾಗದ ಹೊಳಲ್ಕೆರೆಯ ಕಡೆ ಕೊಂಚ ಹೆಚ್ಚು, ಮೂಡಣ ಚಳ್ಳಕೆರೆಯ ಕಡೆ ಇನ್ನೂ ಕಡಮೆ. ಇದು ಭೂಗೋಳದ ಪುಸ್ತಕದಲ್ಲಿರುವ ಸಂಗತಿ. ನಮ್ಮ ಹಾಜರಿ ಪುಸ್ತಕವೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಬೇಸಗೆ ಸಮೀಪಿಸಿದಂತೆಲ್ಲ ತಡವಾಗಿ ಬರುವ ಬಾಲಿಕೆಯರ ಸಂಖ್ಯೆ ಏರುತ್ತದೆ. ಕಾರಣವನ್ನು ಕೇಳಿದರೆ, "ಈ ದಿನ ನಲ್ಲಿಯಲ್ಲಿ ನೀರು ಬಿಟ್ಟಿದ್ದರು, ಅಮ್ಮಾ" ಎಂಬ ಉತ್ತರ. ಅಣ್ಣತಮ್ಮಂದಿರು ವೇಳೆಗೆ ಸರಿಯಾಗಿ ತಮ್ಮ ಶಾಲೆಗೆ ಹೋಗಿರುತ್ತಾರೆ. ಕೊಡ ಹಿಡಿದು ಸಾಲಿನಲ್ಲಿ ನಿಂತವಳು ಹುಡುಗಿ. ಮೊದಲನೆಯ ಗಂಟೆಯ ಗಣಿತವನ್ನು ನೀರಿಗೆ ತೆತ್ತು ಬರುವ ಬಾಲಿಕೆಗೆ ನೀರಿನ ಚರಿತ್ರೆಯು ಪರರ ಚರಿತ್ರೆಯಲ್ಲ.

ಇನ್ನು ಟಿಪ್ಪಣಿಯ ಕ್ರಮ. ಪ್ರತಿಯೊಬ್ಬಳೂ ಒಂದು ಪುಸ್ತಕದ ಪುಟವನ್ನು ಮೂರು ಅಂಕಣಗಳಾಗಿ ಗೆರೆ ಎಳೆದುಕೊಳ್ಳತಕ್ಕದ್ದು. ಮೊದಲನೆಯದಕ್ಕೆ "ಕಂಡದ್ದು" ಎಂದೂ, ಎರಡನೆಯದಕ್ಕೆ "ಬರೆಹದಲ್ಲಿರುವುದು" ಎಂದೂ, ಮೂರನೆಯದಕ್ಕೆ "ಕೇಳಿದ್ದು" ಎಂದೂ ಹೆಸರಿಡಬೇಕು. ಕೋಟೆಯಲ್ಲಿ ದಾರಿ ತೋರಿಸುವವರು ಬಹು ಚೆನ್ನಾಗಿ ಮಾತನಾಡುವರು. ಅವರಲ್ಲಿ ಕೆಲವರು ಕಲ್ಲುಗಳನ್ನು ತಮ್ಮ ಮನೆಯಂಗಳದಂತೆ ಬಲ್ಲರು. ಅವರನ್ನು "ಅಣ್ಣ" ಎಂದೋ "ಯಜಮಾನರೇ" ಎಂದೋ ಮರ್ಯಾದೆಯಿಂದ ಕರೆದು, ಹೇಳಿದುದನ್ನು ಪೂರ್ಣವಾಗಿ ಕೇಳಬೇಕು. ಕೇಳಿದುದೆಲ್ಲವೂ ಒಂದೇ ಜಾತಿಯ ಸತ್ಯವೆಂದು ಮಾತ್ರ ಬರೆದುಕೊಳ್ಳಬಾರದು. ಕಣ್ಣಿಗೆ ಕಂಡ ಕಲ್ಲು, ಶಾಸನದ ಅಕ್ಷರ, ತಲೆಮಾರಿನಿಂದ ಬಂದ ಕಥೆ, ಇವು ಮೂರಕ್ಕೂ ಬೇರೆ ಬೇರೆ ಬೆಲೆಯುಂಟು. ಯಾವುದನ್ನೂ ಬಿಸುಡಬೇಕಾಗಿಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಾರದು, ಅಷ್ಟೆ.

ಮತ್ತೊಂದು ಮಾತು. ನಮ್ಮ ಶಾಲೆಯಲ್ಲಿ ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು, ಜೈನರು ಎಲ್ಲರ ಮಕ್ಕಳೂ ಓದುತ್ತಾರೆ. ದಾರಿಯಲ್ಲಿ ದೇವಾಲಯಗಳು ಹಲವಿವೆ. ತನ್ನ ಮನೆಯ ಪದ್ಧತಿಯಲ್ಲಿಲ್ಲದ ಪೂಜೆಯನ್ನು ಯಾವ ಬಾಲಿಕೆಯೂ ಮಾಡಬೇಕಾದುದಿಲ್ಲ. ಪಾದರಕ್ಷೆಯನ್ನು ಹೊರಗೆ ಬಿಟ್ಟು, ದನಿ ತಗ್ಗಿಸಿ, ಪೂಜೆ ಮಾಡುವವರಿಗೆ ಅಡ್ಡವಾಗದಂತೆ ನಿಲ್ಲುವುದು ಮಾತ್ರ ಎಲ್ಲರಿಗೂ ಸಮಾನವಾದ ನಿಯಮವು. ನಮ್ಮ ದೇವಾಲಯಕ್ಕೆ ಪರರು ಬಂದಾಗ ಅವರು ಹೇಗಿರಬೇಕೆಂದು ನಾವು ಬಯಸುವೆವೋ ಹಾಗೆಯೇ ನಾವೂ ಇರಬೇಕು.

೨. ಚಿತ್ರದುರ್ಗದ ಕೋಟೆ

ಬಿಸಿಲೇರುವುದಕ್ಕೆ ಮೊದಲೇ ಕೋಟೆಯನ್ನು ಹತ್ತಬೇಕು. ಹೆಬ್ಬಂಡೆಗಳು ಒಂದರ ಮೇಲೊಂದು ಬಿದ್ದಿರುವ ಬೆಟ್ಟಗಳನ್ನೇ ಗೋಡೆಯ ಭಾಗಗಳನ್ನಾಗಿ ಮಾಡಿಕೊಂಡು, ಬಂಡೆಗಳ ನಡುವಿನ ತೆರಪನ್ನು ಮಾತ್ರ ಕಟ್ಟಿ ಮುಚ್ಚಿದಂತೆ ಈ ಏಳು ಸುತ್ತಿನ ಕೋಟೆಯು ಹಬ್ಬಿರುತ್ತದೆ. ಪ್ರಕೃತಿಯು ಎಲ್ಲಿ ಮುಗಿಯಿತು, ಕಲ್ಲುಕುಟಿಗನ ಕೈ ಎಲ್ಲಿ ಆರಂಭವಾಯಿತು ಎಂಬುದನ್ನು ಹಲವೆಡೆ ಹುಡುಕಿಯೇ ತಿಳಿಯಬೇಕು. ಬಾಗಿಲುಗಳು ನೇರವಾಗಿಲ್ಲದೆ ತಿರುವಿನಲ್ಲಿರುವುದನ್ನು ಗಮನಿಸಿರಿ. ಆನೆಯಾಗಲಿ ಮರದ ದಿಮ್ಮಿಯಾಗಲಿ ಓಡಿಬಂದು ಕದವನ್ನು ಗುದ್ದುವುದಕ್ಕೆ ಅಲ್ಲಿ ಸ್ಥಳವೇ ಇಲ್ಲ. ಹತ್ತೊಂಬತ್ತು ಬಾಗಿಲುಗಳೂ ಮೂವತ್ತೆಂಟು ದಿಡ್ಡಿಗಳೂ ಉಂಟೆಂದು ವಾಡಿಕೆಯ ಎಣಿಕೆ. ಇದು "ಕೇಳಿದ್ದು" ಎಂಬ ಅಂಕಣಕ್ಕೆ ಸೇರತಕ್ಕದ್ದು.

ವಿಜಯನಗರದ ಅರಸರ ಅಧೀನದಲ್ಲಿ ತಿಮ್ಮಣ್ಣನಾಯಕನಿಂದ ಆರಂಭವಾದ ಪಾಳೆಯಗಾರ ಮನೆತನವು ಹದಿನಾರನೆಯ ಶತಮಾನದಿಂದ ಎರಡು ನೂರು ವರ್ಷಗಳಿಗೂ ಮೀರಿ ಇಲ್ಲಿ ಆಳಿತು. ೧೭೫೪ರಲ್ಲಿ ಪಟ್ಟಕ್ಕೆ ಬಂದ ಮದಕರಿನಾಯಕನು ಈ ವಂಶದ ಕಡೆಯ ಅರಸು. ಹೈದರಾಲಿಯು ಹಲವು ಮುತ್ತಿಗೆಗಳ ತರುವಾಯ ೧೭೭೯ರಲ್ಲಿ ದುರ್ಗವನ್ನು ಹಿಡಿದನು. ಸೆರೆಯಾದ ನಾಯಕನು ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟನು. ಈ ಅವಸಾನವನ್ನೇ ತ. ರಾ. ಸುಬ್ಬರಾಯರು "ದುರ್ಗಾಸ್ತಮಾನ" ಎಂಬ ಕಾದಂಬರಿಯಾಗಿ ಬರೆದರು. ಅವರು ೧೯೮೪ರಲ್ಲಿ ತೀರಿಕೊಂಡ ಮೇಲೆ, ೧೯೮೫ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಹಿರಿಯ ತರಗತಿಯವರು ಅದನ್ನು ಓದಿಯೇ ಕೋಟೆಗೆ ಬಂದರೆ ಒಳ್ಳೆಯದು. ಓದುವಾಗ ಚರಿತ್ರೆಯಾವುದು, ಕವಿಯ ಕಲ್ಪನೆ ಯಾವುದು ಎಂದು ನಡುನಡುವೆ ನಿಂತು ಕೇಳಿಕೊಳ್ಳಬೇಕು.

ಮದ್ದು ಬೀಸುತ್ತಿದ್ದ ಭಾರಿ ಕಲ್ಲುಗಳು, ಎಣ್ಣೆಯ ಕೊಳಗಳು, ಮಣ್ಣಿನ ಅರಮನೆಯ ಗೋಡೆಗಳು, ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ, ಗೋಪಾಲಕೃಷ್ಣ ದೇವಾಲಯಗಳು, ಉಯ್ಯಾಲೆಯ ಕಂಬ, ದೀಪಸ್ತಂಭ, ಇವೆಲ್ಲವನ್ನೂ ಕ್ರಮವಾಗಿ ನೋಡುತ್ತ ಹೋಗಬಹುದು. ಭೀಮಸೇನನು ಹಿಡಿಂಬನನ್ನು ಕೊಂದದ್ದು ಈ ಬೆಟ್ಟದಲ್ಲಿಯೇ ಎಂದು ಸ್ಥಳದವರ ನಂಬಿಕೆಯು. ಆದರೆ ನಮ್ಮ ಪ್ರಶ್ನೆಗೆ ಉತ್ತರವನ್ನು ಕೊಡುವವು ಹೊಂಡಗಳು. ಕಲ್ಲುಬೆಟ್ಟದ ಮೇಲೆ ಸಾವಿರಾರು ಜನ, ಕುದುರೆ, ಆನೆಗಳಿಗೆ ನೀರೆಲ್ಲಿಯದು? ಮುತ್ತಿಗೆಯ ತಿಂಗಳುಗಳಲ್ಲಿ ಹೊರಗಿನಿಂದ ಒಂದು ಕೊಡವನ್ನೂ ತರುವಂತಿರಲಿಲ್ಲ. ಬಂಡೆಗಳ ಮೇಲೆ ಬಿದ್ದ ಮಳೆಯು ಇಂಗದೆ ಜಾರಿಬರುವುದನ್ನು ಕಂಡವರು ಅದರ ದಾರಿಯಲ್ಲಿಯೇ ಹೊಂಡಗಳನ್ನು ಕಟ್ಟಿದರು. ಮೇಲಿನ ಗೋಪಾಲಸ್ವಾಮಿ ಹೊಂಡವು ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನದು ತನ್ನ ಪಾಲನ್ನು ಇಟ್ಟುಕೊಂಡು ಮಿಕ್ಕದ್ದನ್ನು ಕೆಳಗಿನದಕ್ಕೆ ಬಿಡುವ ಈ ಏರ್ಪಾಡನ್ನು ಬಾಲಿಕೆಯರು ತಮ್ಮ ಪುಸ್ತಕದಲ್ಲಿ ರೇಖಾಚಿತ್ರವಾಗಿ ಬರೆಯಬೇಕು. ಏಳು ಸುತ್ತಿನ ಗೋಡೆಯು ಶತ್ರುವನ್ನು ತಡೆದರೆ, ಒಳಗಿನ ಜನರನ್ನು ಬದುಕಿಸಿದವು ಈ ಹೊಂಡಗಳೇ.

ಒನಕೆ ಓಬವ್ವನ ಕಿಂಡಿಯ ಬಳಿ ಎಲ್ಲರೂ ತುಸು ಹೊತ್ತು ಕುಳಿತುಕೊಳ್ಳಬೇಕು. ಕಿಂಡಿಯು ಕಂಡದ್ದು, ಕಥೆಯು ಕೇಳಿದ್ದು. ಕಾವಲುಗಾರನು ಊಟಕ್ಕೆಂದು ಮನೆಗೆ ಬಂದಿದ್ದನು. ಅವನಿಗೆ ಕುಡಿಯುವ ನೀರು ತರಲೆಂದು ಹೋದ ಅವನ ಹೆಂಡತಿ ಓಬವ್ವೆಯು, ಕಿಂಡಿಯಲ್ಲಿ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವ ಸದ್ದನ್ನು ಕೇಳಿದಳು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ, ಮನೆಯಲ್ಲಿದ್ದ ಒನಕೆಯನ್ನು ಹಿಡಿದು ಬಂದು ಒಬ್ಬೊಬ್ಬನನ್ನಾಗಿ ಬಡಿದುರುಳಿಸಿದಳು. ಆ ದಿನವೇ ತಾನೂ ಮಡಿದಳು. ೨೦೨೧ರಿಂದ ನವೆಂಬರ್ ೧೧ರಂದು ರಾಜ್ಯವು ಅವಳ ಜಯಂತಿಯನ್ನು ಆಚರಿಸುತ್ತಿದೆ. ಕೊಲ್ಲುವುದನ್ನು ನಾವು ಮಕ್ಕಳಿಗೆ ಕಲಿಸಲಾರೆವು. ಆದರೆ ಈ ಕಥೆಯಲ್ಲಿ ಒಂದು ಸೂಕ್ಷ್ಮವುಂಟು. ಅರಮನೆಯವರಿಗಾಗಲಿ ದಳವಾಯಿಗಳಿಗಾಗಲಿ ತಿಳಿಯದ ಅಪಾಯವು ನೀರಿಗೆ ಹೋದ ಹೆಂಗಸಿಗೆ ತಿಳಿಯಿತು. ದಿನವೂ ಅದೇ ದಾರಿಯಲ್ಲಿ ಕೊಡ ಹೊತ್ತು ನಡೆದವಳಿಗೆ ಆ ದಾರಿಯ ಒಂದೊಂದು ಸದ್ದೂ ಪರಿಚಿತವಾಗಿತ್ತು. ಹೊಸ ಸದ್ದು ಯಾವುದೆಂದು ಗುರುತಿಸಲು ಹಳೆಯ ಸದ್ದುಗಳನ್ನು ಬಲ್ಲವಳಾಗಿರಬೇಕಷ್ಟೆ. ಮನೆಗೆಲಸದಲ್ಲಿ ಬರುವ ತಿಳಿವನ್ನು ತಿಳಿವೇ ಅಲ್ಲವೆಂದು ಹೀಗಳೆಯುವವರಿಗೆ ಈ ಕಿಂಡಿಯೇ ಉತ್ತರವನ್ನು ಕೊಡುತ್ತದೆ.

ಕೋಟೆಯು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುತ್ತದೆ. ಆದರೂ ಬಂಡೆಗಳ ಮೇಲೆ ಹೆಸರುಗಳನ್ನು ಕೊರೆದಿರುವುದನ್ನು ಅಲ್ಲಲ್ಲಿ ಕಾಣುವೆವು. ಕಟ್ಟಿದ ಒಡ್ಡರ ಹೆಸರು ಒಂದೂ ಕಾಣದ ಕಲ್ಲಿನ ಮೇಲೆ ನೋಡಲು ಬಂದವರ ಹೆಸರು ಏತಕ್ಕೆ? ನಮ್ಮ ಬಾಲಿಕೆಯರಾರೂ ಇದನ್ನು ಮಾಡರೆಂದು ನಂಬಿರುತ್ತೇವೆ.

೩. ಚಂದ್ರವಳ್ಳಿ

ಕೋಟೆಯ ಪಡುವಣಕ್ಕೆ ಬೆಟ್ಟಗಳ ನಡುವೆ ಚಂದ್ರವಳ್ಳಿಯೆಂಬ ರಮ್ಯವಾದ ಕಣಿವೆಯುಂಟು. ಕೆರೆಯ ನೀರು, ನೆರಳು, ಹಕ್ಕಿಗಳ ದನಿ, ಬಂಡೆಗಳ ಅಡಿಯ ಅಂಕಲಿ ಮಠದ ಗುಹೆಗಳು, ಇವುಗಳಿಂದ ಇಲ್ಲಿ ದಣಿವಾರುತ್ತದೆ. ಆದರೆ ಈ ಸ್ಥಳವು ವಿಹಾರಕ್ಕೆ ಮಾತ್ರವಲ್ಲ, ಚರಿತ್ರೆಗೂ ಪ್ರಸಿದ್ಧವಾದುದು. ಎಂ. ಎಚ್. ಕೃಷ್ಣ ಅವರು ೧೯೨೯ರ ಸುಮಾರಿನಲ್ಲಿಯೂ, ಮಾರ್ಟಿಮರ್ ವ್ಹೀಲರ್ ಅವರು ೧೯೪೭ರಲ್ಲಿಯೂ ಇಲ್ಲಿ ಅಗೆಸಿ ನೋಡಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತವು; ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳೂ ದೊರೆತವು. ಅವುಗಳಲ್ಲಿ ಔಗುಸ್ತ ಕೈಸರನ ಮುದ್ರೆಯುಳ್ಳವೂ ತಿಬೇರಿಯನ ಮುದ್ರೆಯುಳ್ಳವೂ ಇದ್ದವು. ಸುವಾರ್ತೆಯಲ್ಲಿ ನಾವು ಓದುವ ಆ ಎರಡು ಹೆಸರುಗಳು ಚಿತ್ರದುರ್ಗದ ಮಣ್ಣಿನಲ್ಲಿ ಸಿಕ್ಕಿದವೆಂದರೆ ಬಾಲಿಕೆಯರ ಕಣ್ಣು ಅರಳುವುದು ಸಹಜವೇ. ಬೇತ್ಲೆಹೇಮಿನ ಕಾಲದಲ್ಲಿ ನಮ್ಮ ಸೀಮೆಯು ಹೊರಲೋಕವನ್ನು ಅರಿಯದ ಕಾಡಾಗಿರಲಿಲ್ಲ. ಸಮುದ್ರದಾಚೆಯ ವ್ಯಾಪಾರದ ಹಣವು ಇಲ್ಲಿಯವರೆಗೂ ನಡೆದುಬಂದಿತ್ತು.

ಇಲ್ಲಿಯ ಬಂಡೆಯೊಂದರ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ನಾಲ್ಕನೆಯ ಶತಮಾನದ ಈ ಅರಸನು ಬನವಾಸಿಯ ರಾಜ್ಯವನ್ನು ಸ್ಥಾಪಿಸಿದವನು. ಅವನ ಹೆಸರನ್ನು ಇಲ್ಲಿ ನಿಲ್ಲಿಸಿರುವುದು ಒಂದು ಕೆರೆಯ ಕೆಲಸ. ಗೆದ್ದ ರಾಜ್ಯಗಳನ್ನು ಕುರಿತು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಕೆರೆಯ ಮಾತು ಕಲ್ಲಿನಲ್ಲಿದೆ. "ಬರೆಹದಲ್ಲಿರುವುದು" ಎಂಬ ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು.

೪. ಹಿರಿಯೂರು ಮತ್ತು ಮಾರಿಕಣಿವೆ

ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು ನಲವತ್ತು ಕಿಲೋಮೀಟರು. ವೇದಾವತಿಯ ದಡದ ಈ ಊರಿನಲ್ಲಿ ತೇರುಮಲ್ಲೇಶ್ವರ ದೇವಾಲಯವುಂಟು. ಮುಖಮಂಟಪದ ಒಳಮಾಳಿಗೆಯಲ್ಲಿ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಬಣ್ಣಗಳಲ್ಲಿ ಬರೆದಿರುವರು. ಅಕ್ಷರ ಬಾರದವರಿಗೆ ಗೋಡೆಯೇ ಪುಸ್ತಕವಾಗಿದ್ದ ಕಾಲವನ್ನು ಅವು ನೆನಪಿಗೆ ತರುತ್ತವೆ. ಚಿತ್ರಕಲೆಯಲ್ಲಿ ಅಭಿರುಚಿಯುಳ್ಳ ಬಾಲಿಕೆಯರು ಒಂದು ಆಕೃತಿಯನ್ನಾದರೂ ಸೀಸದಕಡ್ಡಿಯಿಂದ ಬರೆದುಕೊಳ್ಳಲಿ.

ಅಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಮಾರಿಕಣಿವೆ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಸಮೀಪದಲ್ಲಿ ಕೂಡಿ ವೇದಾವತಿಯಾಗಿ ಬಯಲಿಗೆ ಬರುತ್ತವೆ. ಆ ನದಿಯು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹಾಯುವ ಸ್ಥಳವನ್ನು ಆರಿಸಿ, ೧೮೯೮ರಲ್ಲಿ ಕಟ್ಟೆಯ ಕೆಲಸವನ್ನು ಆರಂಭಿಸಿ, ೧೯೦೭ರಲ್ಲಿ ಮುಗಿಸಿದರು. ಆಗ ಮೈಸೂರು ಸೀಮೆಯನ್ನು ಆಳುತ್ತಿದ್ದವರು ಒಬ್ಬ ತಾಯಿ. ಚಾಮರಾಜ ಒಡೆಯರು ಕಾಲವಾದ ಬಳಿಕ, ಮಗನು ಪ್ರಾಪ್ತವಯಸ್ಕನಾಗುವವರೆಗೆ, ೧೮೯೫ರಿಂದ ೧೯೦೨ರವರೆಗೆ ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದರು. ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂಬ ಹೆಸರು ಬಂದುದು ಅವರಿಂದಲೇ. ಕಿಂಡಿಯಲ್ಲಿ ಕಾವಲುಗಾರನ ಹೆಂಡತಿ, ಇಲ್ಲಿ ಮಹಾರಾಣಿ; ಬೆಳಗಿನಿಂದ ಮಧ್ಯಾಹ್ನದೊಳಗೆ ಎರಡು ಅಂತಸ್ತಿನ ಇಬ್ಬರು ಸ್ತ್ರೀಯರನ್ನು ನೀರಿನ ಬಳಿಯಲ್ಲಿಯೇ ಕಂಡೆವು.

ಕಟ್ಟೆಯು ಸುಮಾರು ೧,೩೩೦ ಅಡಿ ಉದ್ದವಿದೆ. ಜಲಾಶಯವು ೩೦ ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು ೨,೮೩೦ ಕೋಟಿ ಲೀಟರು. ಕಟ್ಟೆಯ ಮೇಲಿನ ಮಂಟಪದಲ್ಲಿ ನಿಂತು ನೋಡಿದರೆ, ಕುರುಚಲು ಗುಡ್ಡಗಳ ನಡುವೆ ಕಣ್ಣು ಹರಿಯುವಷ್ಟು ದೂರ ನೀರು. ಹಿನ್ನೀರು ಹೊಸದುರ್ಗದ ಕಡೆಗೆ ಚಾಚಿರುತ್ತದೆ. ಕಟ್ಟೆಯ ಬಳಿ ಕಣಿವೆ ಮಾರಮ್ಮನ ಗುಡಿಯಿದೆ. ಭಕ್ತಾದಿಗಳ ಸಂದಣಿಯು ಅಲ್ಲಿ ಯಾವಾಗಲೂ ಇರುವುದು.

ಈ ಜಲಾಶಯದ ಚರಿತ್ರೆಯಲ್ಲಿ ತಾಳ್ಮೆಯ ಪಾಠವೊಂದುಂಟು. ಕಟ್ಟಿ ಇಪ್ಪತ್ತಾರು ವರ್ಷಗಳಾದ ಮೇಲೆ, ೧೯೩೩ರಲ್ಲಿ, ಅದು ಮೊದಲ ಬಾರಿಗೆ ತುಂಬಿ ಕೋಡಿ ಬಿದ್ದಿತು. ಎರಡನೆಯ ಸಲ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು! ಅಜ್ಜಿಯರು ಕಂಡು ಹೇಳಿದುದನ್ನು ಮೊಮ್ಮಕ್ಕಳು ನೋಡಿದರು. ಬಳಿಕ ೨೦೨೫ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಭದ್ರಾ ಮೇಲ್ದಂಡೆ ಯೋಜನೆಯಿಂದ ಇತ್ತೀಚಿನ ವರ್ಷಗಳಲ್ಲಿ ಭದ್ರೆಯ ನೀರೂ ಇಲ್ಲಿಗೆ ಬರುತ್ತಿರುವುದು. ತುಂಬದ ವರ್ಷಗಳಲ್ಲಿಯೂ ಈ ಕಟ್ಟೆಯು ವ್ಯರ್ಥವಾಗಿರಲಿಲ್ಲ. ಗದ್ದೆ ತೋಟಗಳಿಗೂ ಊರುಗಳ ಕುಡಿಯುವ ನೀರಿಗೂ ಇದ್ದಷ್ಟನ್ನು ಕೊಡುತ್ತಲೇ ಬಂದಿತು. ಕಟ್ಟಿದವರಲ್ಲಿ ಹೆಚ್ಚಿನವರು ಅದು ತುಂಬಿದುದನ್ನು ಕಾಣಲಿಲ್ಲ. ಉಪಾಧ್ಯಾಯಿನಿಯರ ಕೆಲಸವೂ ಬಹುಮಟ್ಟಿಗೆ ಹಾಗೆಯೇ.

೫. ಹೊಸದುರ್ಗ, ಹೊಳಲ್ಕೆರೆ

ಮಧ್ಯಾಹ್ನದ ಬುತ್ತಿಯನ್ನು ಕಟ್ಟೆಯ ನೆರಳಿನಲ್ಲಿ ಮುಗಿಸಿ, ಎಲೆ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು, ಹೊಸದುರ್ಗದ ದಾರಿಯನ್ನು ಹಿಡಿಯಬಹುದು. ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುತ್ತಿರುವ ಗಾಳಿಯಂತ್ರಗಳು ಕಣ್ಣಿಗೆ ಬೀಳುತ್ತವೆ. ಮಳೆಯನ್ನು ಕೊಡದೆ ಬೀಸಿಹೋಗುವ ಗಾಳಿಯಿಂದ ವಿದ್ಯುತ್ತನ್ನಾದರೂ ಪಡೆಯುವ ಉಪಾಯವಿದು.

ಈ ತಾಲ್ಲೂಕಿನ ಮತ್ತೋಡು ಎಂಬ ಊರು ಹಿಂದೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ವೈದ್ಯನು ಇಲ್ಲಿಯ ಗಾಜಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿರುವನು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳ ಗಾಜನ್ನು ಇಲ್ಲಿ ಮಾಡುತ್ತಿದ್ದರಂತೆ. ಅದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಶ್ರಯದಲ್ಲಿ ೧೯೯೭ರಿಂದ "ಶಿವಸಂಚಾರ" ಎಂಬ ನಾಟಕ ತಂಡವು ಪ್ರತಿವರ್ಷವೂ ಊರೂರಿಗೆ ಹೋಗಿ ನಾಟಕವಾಡುತ್ತಿದೆ. ಒಂದು ಮಠವು ಹಳ್ಳಿಯಲ್ಲಿ ಬಯಲು ರಂಗಮಂದಿರವನ್ನು ಕಟ್ಟಿ ಕಲೆಯನ್ನು ಪೋಷಿಸುತ್ತಿರುವುದು ಎಲ್ಲ ಮತದವರೂ ಕಲಿಯತಕ್ಕ ವಿಷಯವು. ಒಂದೇ ದಿನದಲ್ಲಿ ಇವೆಲ್ಲವನ್ನೂ ನೋಡಲಾಗುವುದಿಲ್ಲ; ನಾಟಕೋತ್ಸವದ ವೇಳೆಗೆ ಬೇರೆ ದಿನವನ್ನು ಗೊತ್ತುಮಾಡಿಕೊಳ್ಳುವುದು ಉಚಿತ.

ಹೊಳಲ್ಕೆರೆಗೆ ಬರುವಷ್ಟರಲ್ಲಿ ದಾರಿಯ ಬಣ್ಣವೇ ಬದಲಾಗುತ್ತದೆ. ಅಡಕೆ ತೆಂಗುಗಳ ತೋಟಗಳು ಕಾಣತೊಡಗುತ್ತವೆ. ಊರ ಹೆಸರಿನಲ್ಲಿಯೇ ಕೆರೆಯಿದೆ. "ಹೊಳಲು" ಎಂಬುದು ಪಟ್ಟಣವೆಂಬರ್ಥದ "ಪೊಳಲ್" ಎಂಬ ಹಳಗನ್ನಡದ ಮಾತು. ಹಿರಿಯ ಊರು ಹಿರಿಯೂರಾಯಿತು, ಹೊಸ ದುರ್ಗವು ಹೊಸದುರ್ಗವಾಯಿತು, ಪಟ್ಟಣದ ಕೆರೆಯು ಹೊಳಲ್ಕೆರೆಯಾಯಿತು. ವ್ಯಾಕರಣವು ಪುಸ್ತಕದಲ್ಲಿ ಮಾತ್ರವಲ್ಲದೆ ಮೈಲಿಗಲ್ಲುಗಳ ಮೇಲೂ ಇರುವುದೆಂದು ಮಕ್ಕಳಿಗೆ ತೋರಿಸಲು ಇದು ತಕ್ಕ ಸ್ಥಳ. ಇಲ್ಲಿಯ ಬಯಲು ಗಣಪತಿಯ ದೊಡ್ಡ ಶಿಲ್ಪವನ್ನು ಹಿಂದಿನಿಂದಲೂ ನೋಡಬೇಕು. ಬೆನ್ನ ಮೇಲೆ ಜಡೆಯನ್ನು ಕಂಡರಿಸಿದ್ದಾರೆ. ಸಮೀಪದ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು ೧೯೪೩ರಲ್ಲಿ ಸ್ಥಾಪಿಸಿದ ಅನಾಥ ಸೇವಾಶ್ರಮವಿದೆ. "ತಿರುಕ" ಎಂಬ ಹೆಸರಿನಿಂದ ಬರೆಯುತ್ತಿದ್ದ ಅವರು, ೧೯೯೬ರಲ್ಲಿ ತೀರಿಕೊಳ್ಳುವವರೆಗೂ ವಿದ್ಯೆ, ವೈದ್ಯ, ಯೋಗಗಳನ್ನು ಬಡವರಿಗೆ ಹಂಚಿದರು. ಅಲ್ಲಿಂದ ಚಿತ್ರದುರ್ಗಕ್ಕೆ ಹಿಂದಿರುಗುವಾಗ ದೀಪ ಹಚ್ಚುವ ಹೊತ್ತಾಗುವುದು.

೬. ಈ ದಿನದಿಂದ ಏನಾಯಿತು?

ಪಾಲಕರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಈ ಒಂದು ದಿನದಲ್ಲಿ ಬಾಲಿಕೆಯು ಭೂಗೋಳ, ಚರಿತ್ರೆ, ಕನ್ನಡ, ಗಣಿತ, ಚಿತ್ರಕಲೆ ಎಂಬ ಐದು ವಿಷಯಗಳನ್ನು ಅಭ್ಯಾಸ ಮಾಡಿದಳು. ಅದಕ್ಕಿಂತಲೂ ಮುಖ್ಯವಾಗಿ, ತಾನು ದಿನವೂ ಹೊರುವ ಕೊಡಕ್ಕೆ ಸಾವಿರದ ಆರುನೂರು ವರ್ಷಗಳ ಚರಿತ್ರೆಯಿದೆಯೆಂದು ತಿಳಿದಳು. ಬಂಡೆಯ ಮೇಲಿನ ಮಳೆಯನ್ನೂ ಬಿಡದೆ ಹಿಡಿದವರ ನಾಡಿನಲ್ಲಿ ಇಂದು ಕೆರೆಗಳು ಹೂಳಿನಿಂದ ತುಂಬಿವೆ. ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲೇ ಇವೆ. ಇಸಾಕನು ತನ್ನ ತಂದೆಯ ಕಾಲದ ಬಾವಿಗಳು ಮಣ್ಣಿನಿಂದ ಮುಚ್ಚಿಹೋಗಿದ್ದುದನ್ನು ಕಂಡು ಅವುಗಳನ್ನು ತಿರುಗಿ ಅಗೆಸಿ, ತಂದೆಯು ಇಟ್ಟಿದ್ದ ಹೆಸರುಗಳನ್ನೇ ಇಟ್ಟನೆಂದು ಸತ್ಯವೇದದಲ್ಲಿ ಓದುತ್ತೇವೆ. ನಮ್ಮ ಬಾಲಿಕೆಯರಲ್ಲಿ ಕೆಲವರು ನಾಳೆ ಇಂಜಿನಿಯರುಗಳಾಗಬಹುದು, ಪಂಚಾಯಿತಿಯ ಸದಸ್ಯೆಯರಾಗಬಹುದು. ಎಲ್ಲರೂ ಒಂದಲ್ಲ ಒಂದು ಮನೆಯ ನೀರಿಗೆ ಹೊಣೆಗಾರರಂತೂ ಆಗುವರು. ಅಂಥವರಿಗೆ ಮುಚ್ಚಿದ ಬಾವಿ ಎಲ್ಲಿದೆಯೆಂದು ತಿಳಿದಿರಬೇಕು. ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹವೂ ಇದೆ: ನಲ್ಲಿಯಲ್ಲಿ ನೀರು ಬರುವ ಬೆಳಿಗ್ಗೆ ಕೊಡವನ್ನು ಒಮ್ಮೊಮ್ಮೆ ಮಗನ ಕೈಗೂ ಕೊಡಿರಿ. ಮಗಳಿಗೆ ಮೊದಲನೆಯ ಗಂಟೆಯ ಪಾಠವು ಸಿಕ್ಕೀತು.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

(೧) ನಿಮ್ಮ ಮನೆಯ ಕೊಡವು ಎಷ್ಟು ಲೀಟರು ಹಿಡಿಯುವುದೆಂದು ಅಳೆಯಿರಿ. ಒಂದು ದಿನಕ್ಕೆ ಎಷ್ಟು ಕೊಡ ಬೇಕು? ಅವುಗಳನ್ನು ಯಾರು ಯಾರು, ಎಷ್ಟೆಷ್ಟು ಹೊತ್ತರು? ಒಂದು ವಾರದ ಲೆಕ್ಕವನ್ನು ಬರೆಯಿರಿ.

(೨) ಮೇಲೆ ಕೊಟ್ಟಿರುವ ಲೆಕ್ಕದಂತೆ, ತುಂಬಿದ ವಾಣಿವಿಲಾಸ ಸಾಗರದಲ್ಲಿ ಅಂತಹ ಕೊಡಗಳು ಎಷ್ಟಾಗುವವು?

(೩) ಕೋಟೆಯ ನಾಲ್ಕು ಹೊಂಡಗಳ ನೀರಿನ ದಾರಿಯನ್ನು ರೇಖಾಚಿತ್ರದಲ್ಲಿ ತೋರಿಸಿರಿ.

(೪) ಓಬವ್ವೆಯ ಕಥೆ, ಮಯೂರಶರ್ಮನ ಶಾಸನ, ಮದ್ದು ಬೀಸುವ ಕಲ್ಲು, ಹಿಡಿಂಬನ ಕಥೆ, ಇವುಗಳನ್ನು ಮೂರು ಅಂಕಣಗಳಲ್ಲಿ ವಿಂಗಡಿಸಿ ಕಾರಣವನ್ನು ಹೇಳಿರಿ.

(೫) ನಿಮ್ಮ ಅಜ್ಜಿಯನ್ನೋ ನೆರೆಮನೆಯ ವೃದ್ಧೆಯನ್ನೋ ಕೇಳಿರಿ: ಅವರು ಹುಡುಗಿಯಾಗಿದ್ದಾಗ ನೀರನ್ನು ಎಲ್ಲಿಂದ ತರುತ್ತಿದ್ದರು? ಆ ಬಾವಿ ಅಥವಾ ಕೆರೆ ಈಗ ಹೇಗಿದೆ? ಹೋಗಿ ನೋಡಿ, ಕಂಡದ್ದನ್ನು ಕಂಡಂತೆ ಬರೆಯಿರಿ.